ಬಂಗಲೆ ಗೋಡೆಯ ಗಿಡ

ಕರಜಗಿಯ ಚಾವಡಿಯಲ್ಲಿ ಪೊಲೀಸ್ ಅಮೀನರು ಒದ್ದೆ ಗೋಣಿ ಬಿಚ್ಚಿ, ಹೂಬಿಟ್ಟ ಟೊಂಗೆಯೊಂದನ್ನು ಚಂದ್ರಾಮಪ್ಪನ ಮುಂದಿಟ್ಟರು.

"ಪಂಡಿತರ, ಇದು ಯಾವ ಗಿಡ ನೋಡ್ರಿ. ಇಲ್ಲಿ ಯಾರಿಗೂ ಗುರ್ತ ಹತ್ತವಲ್ದು."

ಕಂಬದ ಬುಡದಲ್ಲಿ ದ್ರೌಪದಿ ಕೂತಿದ್ದಳು. ಕೆಮ್ಮಿನಿಂದ ಮಲಗಿದ್ದ ಗಂಡ ಮಲ್ಕಪ್ಪ ಸತ್ತು ನಾಲ್ಕು ದಿನ. ಆಕೆಯೇ ವಿಷ ಹಾಕಿದಳೆಂದು ಮೈದುನ ದೂರು ಕೊಟ್ಟಿದ್ದ. ಒಲೆಯ ಪಕ್ಕ ಇವೇ ಎಲೆಗಳು ಸಿಕ್ಕಿದ್ದವು. ಕುದಿಸಿ ಕುಡಿಸಿದೆಯಾ ಎಂದು ಅಮೀನರು ಕೇಳಿದಾಗ "ಹೂಂರಿ" ಎಂದಿದ್ದಳು. ಅವರು ಮುಂದೆ ಕೇಳಲಿಲ್ಲ, ಆಕೆ ಹೇಳಲಿಲ್ಲ. ಅಳಲೂ ಇಲ್ಲ. ಊರಿಗೆ ಅಷ್ಟೇ ಸಾಕಾಗಿತ್ತು.

ಚಂದ್ರಾಮಪ್ಪ ಅಫಜಲಪುರದವನು. ವಾರಕ್ಕೊಮ್ಮೆ ಕರಜಗಿಗೆ ಬಂದು ನಾಟಿ ಔಷಧ ಕೊಡುತ್ತಿದ್ದ. ನಲವತ್ತು ವರ್ಷದ ಕಸುಬು. ಎಲೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದ. ಅನುಮಾನ ಉಳಿಯಿತು. ಹೂವು ಎತ್ತಿದ. ಗೇಣುದ್ದದ ಬಿಳಿ ಹೂವು, ಗ್ರಾಮೊಫೋನಿನ ಕಹಳೆಯಂತೆ ಬಾಯಿ ಅಗಲಿಸಿ ಕೆಳಗೆ ಜೋತಿತ್ತು.

"ಸಾಯೋ ಮುಂದ ಹೆಂಗ ಮಾಡಿದ?"

"ಕಣ್ಣಗೊಂಬಿ ಅಗಲ ಆಗಿದ್ವು. ಗಾಳ್ಯಾಗ ಏನೋ ಹಿಡಿಯಾಕ ಹೋಗ್ತಿದ್ದ," ಎಂದರು ಅಮೀನರು.

"ಹಂಗಾರ ಸಂಶಯಿಲ್ರಿ. ದತ್ತೂರಿ ಬಳಗದ್ದು. ನಮ್ಮ ದತ್ತೂರಿ ಹೂವು ಮ್ಯಾಲ ನೋಡ್ತದ, ಇದು ಕೆಳಗ. ಪರದೇಶದ ಗಿಡ. ವಿಷ."

ಅಮೀನರು ಬರೆದುಕೊಂಡರು.

ಚಂದ್ರಾಮಪ್ಪ ಆಕೆಯತ್ತ ತಿರುಗಿದ. ಸೆರಗು ಮುಖ ಮುಚ್ಚಿತ್ತು. "ಕಟ್ಟಿಕೊಂಡ ಗಂಡಗ ಇದನ್ನ ಕುಡಿಸೂ ಮುಂದ ಕೈ ನಡುಗಲಿಲ್ಲೇನವಾ?"

"ಇಲ್ರಿ."

ಚಾವಡಿ ಗುಜುಗುಜು ಎಂದಿತು. ಚಂದ್ರಾಮಪ್ಪ ತಲೆಯಾಡಿಸಿ, ಕೈ ತೊಳೆಯಲು ನೀರು ಕೇಳಿದ.

"ಇಂಥಾದ್ದು ಈ ಊರಾಗ ಎಲ್ಲಿ ಸಿಕ್ತ್ರಿ?"

"ಸರ್ಕಾರಿ ಬಂಗಲೆ ಹಿಂದಿನ ಗ್ವಾಡಿಗೆ. ಹೈದರಾಬಾದಿನ ಸಾಹೇಬರು ಯಾರೋ ಹಚ್ಚಿಸಿದ್ರಂತ. ಮೊದಲನೇ ಹೂವು ಬಿಟ್ಟು ಎರಡ ದಿನ ಆತು."

ತಂಬಿಗೆಯ ನೀರು ಚಂದ್ರಾಮಪ್ಪನ ಬೆರಳುಗಳ ಮೇಲೆ ಸುರಿಯುತ್ತಲೇ ಇತ್ತು. ಆತ ಕೈ ಉಜ್ಜುವುದನ್ನು ನಿಲ್ಲಿಸಿದ್ದ.

ಅಮೀನರು ಕಾಗದ ಮಡಚುವ ಮೊದಲು, ಬರೀ ಪದ್ಧತಿಗೆಂಬಂತೆ ಕೇಳಿದರು: "ಈ ಎಲಿ ನಿನಗ ಯಾರು ತೋರಿಸಿದ್ರು ಬೇ?"

ದ್ರೌಪದಿ ಮೊದಲ ಸಲ ಮುಖ ಎತ್ತಿದಳು. ಅಮೀನರನ್ನು ನೋಡಲಿಲ್ಲ.

"ಅವತ್ತ ಅದರಾಗ ಹೂವು ಇದ್ದಿಲ್ರಿ, ಪಂಡಿತರ. ಕೆಮ್ಮಿಗೆ ಆಡುಸೋಗಿ ಅಂತ ನೀವೇ ಹರದು ನನ್ನ ಉಡಿಯಾಗ ಹಾಕಿದ್ರಿ."