ತಾತ ಚಾಚಿದ ಕೈ

ಮಗಳ ಬಾಕ್ಸಿಂಗ್ ಗ್ಲೌಸಿನ ಬೆವರು ವಾಸನೆಗೆ ಇವತ್ತೂ ನನಗೆ ತಾತನ ಕೈ ನೆನಪಾಗುತ್ತದೆ.

ಹುಡುಗಿಯಾಗಿದ್ದಾಗ ನಾನು ಕಿಕ್ ಬಾಕ್ಸಿಂಗ್ ಕ್ಲಾಸಿಗೆ ಸೇರಿದ ಹೊಸದರಲ್ಲಿ, ಒಂದು ಮಧ್ಯಾಹ್ನ, ಬಸವೇಶ್ವರನಗರದ ಮನೆಯ ತಾರಸಿಯ ಮೇಲೆ, ಗರಡಿಯಲ್ಲಿ ಪಳಗಿದ ತಾತನನ್ನು ಕೆಣಕಿದೆ. "ರಸ್ತೇಲಿ ಯಾರಾದ್ರೂ ಮೈಮೇಲೆ ಬಿದ್ರೆ ನಿಮ್ಮ ಕುಸ್ತಿ ಕೆಲಸಕ್ಕೆ ಬರಲ್ಲ ತಾತ."

ಅವರು ಹೂಕುಂಡದ ಮಣ್ಣನ್ನು ಚಿಟಿಕೆಯಷ್ಟು ಹಣೆಗೊತ್ತಿಕೊಂಡು, ಗರಡಿಯ ಪದ್ಧತಿಯಂತೆ ಬಲಗೈ ಚಾಚಿದರು. "ಮೊದಲು ಕೈ ಕೊಡಮ್ಮ."

ನಾನು ನೇರ ಮೂಗಿಗೆ ಗುದ್ದಿದೆ. "ರಸ್ತೇಲಿ ಯಾರೂ ಕೈ ಕೇಳಲ್ಲ!"

ಪಂಚೆಯ ತುದಿಯಿಂದ ರಕ್ತ ಒರೆಸಿಕೊಳ್ಳುತ್ತಾ ತಾತ ನಕ್ಕರು. "ಕೈ ಕೊಡು ಅಂದ್ರೆ, ಕೈ ಕೊಟ್ಟೇಬಿಟ್ಟೆಯಲ್ಲೇ ಪುಟ್ಟಿ."

ನಾನೂ ನಕ್ಕೆ. ಆಮೇಲೆ ಎಷ್ಟು ಕರೆದರೂ ಅವರು ಆಟಕ್ಕೆ ಬರಲಿಲ್ಲ. "ಮಂಡಿ ನೋವು ಕಣಮ್ಮ," ಅನ್ನುತ್ತಾ ಕೈಗಳನ್ನು ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದರು.