ಕುಡಿದವನ ತಪ್ಪೊಪ್ಪಿಗೆ

ಮುಳಬಾಗಿಲು ಕೋರ್ಟಿನ ಜಗಲಿಯಲ್ಲಿ ಅಶ್ವತ್ಥಪ್ಪನನ್ನು ಕಂಡದ್ದೇ ತಡ, ಮುನಿಶಾಮಿಯ ಮೈ ಉರಿದುಹೋಯಿತು. ಅಣ್ಣ ಚನ್ನರಾಯಪ್ಪನ ಮೇಲೆ ಜೀಪು ಹರಿಸಿದ ಮನುಷ್ಯ ಇಸ್ತ್ರಿ ಪಂಚೆ ಉಟ್ಟು, ಎಲೆಯಡಿಕೆ ಜಗಿಯುತ್ತ, ಮದುವೆಗೆ ಬಂದವನಂತೆ ನಿಂತಿದ್ದ.

ಕೆರೆ ಒತ್ತುವರಿ ವಿಷಯದಲ್ಲಿ ಅವನಿಗೂ ಅಣ್ಣನಿಗೂ ಮೊದಲಿಂದ ಎಣ್ಣೆ ಸೀಗೆಕಾಯಿ. ಅವತ್ತು ಆವನಿ ರಸ್ತೆಯಲ್ಲಿ ಅತ್ತಿಗೆಯ ಕೂಗು ಕೇಳಿ ಓಡಿಬಂದ ಮುನಿಶಾಮಿ, ಜೀಪಿನ ಪಕ್ಕ ನಿಂತಿದ್ದ ಅಶ್ವತ್ಥಪ್ಪನ ಕೊರಳುಪಟ್ಟಿ ಹಿಡಿದಿದ್ದ. ಸಾರಾಯಿ ಗಬ್ಬು ನಾರುತ್ತಿತ್ತು. ಕುಡಿದದ್ದು ಹೌದು, ಬೇಕಾದರೆ ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ದು ಪರೀಕ್ಷೆ ಮಾಡಿಸಿ ಎಂದು ಅವನೇ ಗೋಗರೆದಿದ್ದ. ಡಾಕ್ಟರು ಹಾಗೆಯೇ ಬರೆದುಕೊಟ್ಟರು.

ಕುಡಿದು ಓಡಿಸಿದ್ದಕ್ಕೆ ಕೆಲವು ತಿಂಗಳು, ಅಜಾಗರೂಕತೆಯಿಂದ ಸಾವಾದದ್ದಕ್ಕೆ ಹೆಚ್ಚೆಂದರೆ ಎರಡು ವರ್ಷ ಎಂದರು ವಕೀಲರು. ಅಷ್ಟಾದರೂ ಆಗಲಿ ಎಂದು ಮುನಿಶಾಮಿ ಹಲ್ಲು ಕಚ್ಚಿದ್ದ.

ಅವನಿಗೆ ಇನ್ನೂ ಹೆಚ್ಚು ಉರಿ ಇದ್ದದ್ದು ಅತ್ತಿಗೆ ವೆಂಕಟರತ್ನಮ್ಮನ ಮೇಲೆ. ರಸ್ತೆ ಪಕ್ಕದ ತೋಟದಲ್ಲೇ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದವಳು, ಪೊಲೀಸರ ಮುಂದೆ ತಾನೇನೂ ನೋಡಲಿಲ್ಲ ಎಂದುಬಿಟ್ಟಳು. ಅಶ್ವತ್ಥಪ್ಪನ ಮನೆಯಲ್ಲಿ ಉಂಡು ಹೋಗುವ ಇನ್ಸ್‌ಪೆಕ್ಟರಿಗೆ ಅಷ್ಟೇ ಬೇಕಿತ್ತು. ಜೀಪಿನ ಸಂಬಳದ ಡ್ರೈವರನನ್ನು ಮುಂದೆ ತಳ್ಳಿ ಇವನು ಜಾರಿಕೊಳ್ಳುತ್ತಾನೆ ಎಂದು ಮುನಿಶಾಮಿ ಕೂಗಾಡಿದ್ದಕ್ಕೆ ಅವಳದು ಒಂದೇ ಮಾತು.

"ಅವನೇ ಒಪ್ಕೊಳ್ಲಿ. ಅಲ್ಲೀವರ್ಗೂ ನೀನು ಬಾಯಿ ಮುಚ್ಕೊಂಡಿರು ಕಣೋ."

ರಾಜಿಯಾಗಿದ್ದಾಳೆ ಎಂದು ಊರೇ ಆಡಿಕೊಂಡಿತು. ಮುನಿಶಾಮಿ ಅವಳ ಮನೆಯಲ್ಲಿ ನೀರು ಮುಟ್ಟುವುದನ್ನೂ ಬಿಟ್ಟ.

ಹೆಸರು ಕೂಗಿದರು. ಅಶ್ವತ್ಥಪ್ಪ ಕೈಮುಗಿದ. "ತಪ್ಪಾಯ್ತು ಸ್ವಾಮಿ. ಕುಡಿದಿದ್ದೆ. ಜೀಪಲ್ಲಿ ನಾನೊಬ್ನೇ ಇದ್ದಿದ್ದು, ನಾನೇ ಓಡಿಸ್ತಿದ್ದೆ. ಕುಡಿದ ಮತ್ತಲ್ಲಿ ಆಳು ಕಾಣ್ಲಿಲ್ಲ."

ನ್ಯಾಯಾಧೀಶರು ಅದನ್ನು ಬರೆಸಿ, ಓದಿ ಹೇಳಿಸಿ, ಸಹಿ ಹಾಕಿಸಿಕೊಂಡರು. ಸತ್ತವನ ಹೆಂಡತಿ ಹೇಳುವುದೇನಾದರೂ ಇದೆಯೇ ಎಂದು ಕೇಳಿದರು. ವೆಂಕಟರತ್ನಮ್ಮ ಎದ್ದು ಸೆರಗು ಹೊದ್ದುಕೊಂಡಳು.

"ಈ ಮನುಷ್ಯ ಕುಡಿದಿರ್ಲಿಲ್ಲ ಸ್ವಾಮಿ."

ಮುನಿಶಾಮಿಗೆ ಕಣ್ಣು ಕತ್ತಲಿಟ್ಟಿತು. ಇದ್ದ ಎರಡು ವರ್ಷದ ಶಿಕ್ಷೆಯನ್ನೂ ತಪ್ಪಿಸಿಬಿಟ್ಟಳು, ಮನೆಮುರುಕಿ. ಎದ್ದು ಅಲ್ಲೇ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ಕಟಕಟೆಯಲ್ಲಿದ್ದ ಅಶ್ವತ್ಥಪ್ಪನ ಮುಖ ಮಾತ್ರ ಯಾಕೋ ಬಿಳಚಿಕೊಂಡಿತ್ತು.

"ಓಡ್ಸಿದ್ದು ತಾನೇ ಅಂತ ಇವನ ಬಾಯಲ್ಲೇ ಬರ್ಲಿ ಅಂತ ಕಾದೆ," ಎಂದಳು ವೆಂಕಟರತ್ನಮ್ಮ. "ಒಂದ್ಸಲ ಗುದ್ದಿ, ಇಳಿದು ನೋಡ್ದ. ನಮ್ಮೆಜಮಾನ್ರಿಗೆ ಇನ್ನೂ ಜೀವ ಇತ್ತು. ಮತ್ತೆ ಹತ್ತಿ ಅವರ ಮೇಲೆ ಹರಿಸ್ದ. ಕುಡಿದಿದ್ದು ಆಮೇಲೆ."