ಎರಡು ಸುತ್ತು ಬಿಗಿ

ರೇಸ್ ಸೈಕಲ್ಲಿನ ಪೆಡಲ್ ತೋರಿಸಿ ಎಂದು ಬಂದವನ ಮುಂದೆ ಅಂಗಡಿಯ ರೇವಪ್ಪ ಮೂರು ಜೊತೆ ಹರವಿದ.

“ಬೂಟು ಇದರಾಗ ಕಚಕ್ಕಂತ ಕೂಡ್ತದ್ರಿ. ಎಷ್ಟ ಜೋರು ತುಳಿದ್ರೂ ಕಾಲು ಜಾರೂದಿಲ್ಲ.”

“ಬಿದ್ರ ಕಾಲು ಹೊರಗ ಬರತದೇನ್ರಿ?”

“ಹಿಮ್ಮಡ ಹೊರಳಿಸಿದ್ರ ಬರತದ. ಈ ಸ್ಕ್ರೂ ಸಡಲ ಇದ್ರ ಲಗೂನ, ಬಿಗಿ ಇದ್ರ ಸ್ವಲ್ಪ ತಡಾ.”

“ಹೊಸಬರಿಗೆ ಸಡಲ ಇರಬೇಕಲ್ರಿ?”

ರೇವಪ್ಪನಿಗೆ ನಗು ಬಂತು. ಒಂದು ಕಾಲಕ್ಕೆ ಸೈಕಲ್ ರೇಸಿನಲ್ಲಿ ಜಿಲ್ಲೆಗೇ ಮೊದಲು ಬಂದವನು ಅವನು. ಇಂಥ ಪುಕ್ಕಲರನ್ನು ಎಷ್ಟೋ ಕಂಡಿದ್ದ.

“ಸಡಲ ಇಟ್ಟು ಯಾರು ಗೆದ್ದಾರ್ರಿ? ಹೋದ ತಿಂಗಳ ರೇಸಿನ ಹಿಂದಿನ ದಿನ ಒಬ್ಬಾಕಿ ಹುಡುಗಿ ಬಂದಿದ್ಲು. ‘ಸಡಲ ಮಾಡ್ರಿ ಕಾಕಾ, ಅಂಜಿಕಿ ಆಗತದ’ ಅಂದ್ಲು. ಹೂಂ ಅಂದು, ಆಕಿಗೆ ಗೊತ್ತಾಗದಂಗ ಎರಡು ಸುತ್ತು ಬಿಗಿ ಮಾಡಿ ಕೊಟ್ಟೆ. ಗೆದ್ದ ಇರ್ತಾಳ. ಇವತ್ತಿಲ್ಲ ನಾಳೆ ತಾನ ಪೇಢೆ ಹಿಡಕೊಂಡು ಬರ್ತಾಳ, ನೋಡ್ರಿ ಬೇಕಾದ್ರ!”

ಬಂದವನು ಚೀಲದಿಂದ ಒಂದು ಬೂಟು ತೆಗೆದು ಕೌಂಟರಿನ ಮೇಲಿಟ್ಟ. ಸೈಕಲ್ಲಿನಿಂದ ಕಿತ್ತುಬಂದ ಪೆಡಲ್ ಅದರ ಅಡಿಗೆ ಇನ್ನೂ ಕಚ್ಚಿಕೊಂಡೇ ಇತ್ತು.

“ಇದನ್ನಷ್ಟ ಬಿಡಿಸಿ ಕೊಡ್ರಿ. ಲಾರಿ ಅಡ್ಯಾಗಿಂದ ಮಗಳನ್ನ ತಗದವರ ಕೈಲೆ ಆಗಲಿಲ್ಲ.”